ನಿವೃತ್ತಿಯ ನೆಲೆ ಎಲ್ಲಿ?

ಮನುಷ್ಯನು ಯೌವನದಲ್ಲಿ ಅನ್ನವನ್ನು ಅರಸಿಕೊಂಡು ಊರು ಬಿಡುತ್ತಾನೆ. ಇದು ಹಳೆಯ ಕಥೆ. ನಮ್ಮ ಕರಾವಳಿಯ ಮನೆಗಳಲ್ಲಂತೂ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಆದರೆ ಮುಪ್ಪಿನಲ್ಲಿ ನೆಮ್ಮದಿಯನ್ನು ಅರಸಿಕೊಂಡು ಊರು ಬಿಡುವುದು ಇತ್ತೀಚೆಗೆ ಕಾಣಿಸಿಕೊಂಡಿರುವ ಸಂಗತಿ. ಅದರ ಬಗ್ಗೆ ನಾವು ಇನ್ನೂ ಸರಿಯಾಗಿ ಯೋಚಿಸಿಲ್ಲ.

ನನ್ನ ಪರಿಚಯದವರೊಬ್ಬರಿದ್ದಾರೆ. 29 ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು. ವಯಸ್ಸು 61. ಅವರ ಮಗ ಮಲೇಶ್ಯದ ಕೌಲಾಲಂಪುರದಲ್ಲಿ ಕಂಪ್ಯೂಟರ್ ಕಂಪೆನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಹಿಂದಿನ ವರ್ಷ ಅವರು ಪತ್ನಿಯೊಂದಿಗೆ ಅಲ್ಲಿಗೆ ಹೋಗಿ ಒಂದು ತಿಂಗಳು ಇದ್ದು ಬಂದರು. ಬಂದಂದಿನಿಂದ ಅವರ ಮನಸ್ಸು ಊರಿನಲ್ಲಿ ನಿಲ್ಲುತ್ತಿಲ್ಲ. ಒಂದು ದಿನ ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕುಳಿತಿದ್ದಾಗ ಕೇಳಿದರು: "ಉಳಿದ ಆಯುಷ್ಯವನ್ನು ಅಲ್ಲೇ ಕಳೆಯಬೇಕೆಂದಿದ್ದೇನೆ. ದೀನಿನ ದೃಷ್ಟಿಯಿಂದ ಇದರಲ್ಲಿ ತಪ್ಪೇನಾದರೂ ಇದೆಯೇ?"

"ಏನೂ ಇಲ್ಲ" ಎಂದು ನಾನು ತಟ್ಟನೆ ಹೇಳಿಬಿಟ್ಟೆ. ಭೂಮಿಯೆಲ್ಲ ಅಲ್ಲಾಹನದ್ದು. ಎಲ್ಲಿ ಬೇಕಾದರೂ ವಾಸಿಸಬಹುದು. ಈ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ರಾತ್ರಿ ಮಲಗಿದಾಗ ನಿದ್ದೆ ಬರಲಿಲ್ಲ. ಅವರ ಮನೆಯಲ್ಲಿ 84 ವರ್ಷದ ತಾಯಿ ಇದ್ದಾರೆ. ಅದು ನನಗೆ ಗೊತ್ತಿತ್ತು. ಆದರೂ ನಾನು ಅವರ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. "ತಪ್ಪೇ?" ಎಂದು ಅವರು ಕೇಳಿದರು, "ಅಲ್ಲ" ಎಂದು ನಾನು ಹೇಳಿದೆ. ಒಂದು ಕೆಲಸ ಹರಾಮ್ ಅಲ್ಲ ಎಂದ ಮಾತ್ರಕ್ಕೆ ಅದು ಒಳಿತು ಎಂದಾಗುತ್ತದೆಯೇ? ಈ ಲೇಖನ ನಾನು ಅಂದು ಅವಸರದಲ್ಲಿ ಕೊಟ್ಟ ಉತ್ತರದ ತಿದ್ದುಪಡಿ.

ಮೊದಲು ಆ ನಗರದ ಆಕರ್ಷಣೆಯನ್ನು ನ್ಯಾಯವಾಗಿಯೇ ನೋಡೋಣ. ಕೌಲಾಲಂಪುರ ಎಂಬ ಮಲಯ ಹೆಸರಿನ ಅರ್ಥ ಕೆಸರಿನ ಸಂಗಮ. ಕ್ಲಾಂಗ್ ಮತ್ತು ಗೊಂಬಾಕ್ ಎಂಬ ಎರಡು ಹೊಳೆಗಳು ಕೂಡುವಲ್ಲಿ ಅದು ಹುಟ್ಟಿತು. ಅದೇ ಸಂಗಮದಲ್ಲಿ 1909ರಲ್ಲಿ ತೆರೆದ ಜಾಮಿ ಮಸೀದಿ ಇಂದಿಗೂ ಇದೆ. 1965ರಲ್ಲಿ ರಾಷ್ಟ್ರೀಯ ಮಸೀದಿಯು ಉದ್ಘಾಟನೆಯಾಯಿತು. ತಮಿಳು ಮುಸ್ಲಿಮ್ ವ್ಯಾಪಾರಿಗಳು ಕಟ್ಟಿದ ಮಸೀದಿಯೊಂದರಿಂದ ಒಂದು ಇಡೀ ಬೀದಿಗೆ ಮಸ್ಜಿದ್ ಇಂಡಿಯಾ ಎಂಬ ಹೆಸರೇ ಬಂದಿದೆ. ದೊಡ್ಡ ಅಂಗಡಿ ಸಂಕೀರ್ಣಗಳಲ್ಲಿ ಕೂಡ 'ಸುರಾವ್' ಎಂದು ಕರೆಯುವ ನಮಾಝಿನ ಕೋಣೆ ಇರುತ್ತದೆ. ಹೋಟೆಲಿನಲ್ಲಿ ಸರಕಾರಿ ಇಲಾಖೆಯ ಹಲಾಲ್ ಮುದ್ರೆ ನೋಡಿ ನಿಶ್ಚಿಂತೆಯಿಂದ ಉಣ್ಣಬಹುದು. ಅಲ್ಲಿನ ಮುಸ್ಲಿಮರು ಶಾಫಿಈ ಮದ್‌ಹಬಿನವರು. ಆದ್ದರಿಂದ ಭಟ್ಕಳದ ನವಾಯತರಿಗೂ ಮಂಗಳೂರಿನ ಬ್ಯಾರಿಗಳಿಗೂ ಅಲ್ಲಿನ ಮಸೀದಿ ಹೊಸತೆನಿಸುವುದಿಲ್ಲ. ಮಳೆ, ತೆಂಗು, ಸೆಖೆ, ಮೀನು, ಅನ್ನ ಎಲ್ಲವೂ ನಮ್ಮದರಂತೆಯೇ. ಒಳ್ಳೆಯ ಆಸ್ಪತ್ರೆಗಳಿವೆ, ಊರೊಳಗೆ ಓಡಾಡಲು ರೈಲಿದೆ. ಮಗ, ಸೊಸೆ, ಮೊಮ್ಮಕ್ಕಳು ಕಣ್ಣೆದುರಿಗೇ ಇರುತ್ತಾರೆ.

ಇದನ್ನೆಲ್ಲ ಬಯಸುವುದು ದುರಾಸೆಯಲ್ಲ. ಮೂರು ದಶಕ ಬಿಸಿಲಿನಲ್ಲಿ ದುಡಿದವನು ಕೊನೆಗಾಲದಲ್ಲಿ ಮೊಮ್ಮಗನ ಕೈಹಿಡಿದು ಮಸೀದಿಗೆ ನಡೆಯಬೇಕೆಂದು ಬಯಸಿದರೆ ಅವನನ್ನು ದೂಷಿಸುವ ಹಕ್ಕು ಯಾರಿಗಿದೆ? ಊರಿನಲ್ಲಿ ಕೆಲವೊಮ್ಮೆ ಅನುಭವಿಸಬೇಕಾಗುವ ಸಂಶಯದ ನೋಟ, ಪತ್ರಿಕೆ ತೆರೆದರೆ ಮನಸ್ಸನ್ನು ಕದಡುವ ಸುದ್ದಿ, ಇವುಗಳಿಂದ ದೂರವಿರಬೇಕೆಂಬ ಆಸೆಯೂ ಸಹಜವಾದುದೇ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಇನ್ನು ಲೆಕ್ಕದ ವಿಷಯ. ಮಲೇಶ್ಯ ಸರಕಾರವು 2002ರಿಂದ 'ಮಲೇಶ್ಯ ನನ್ನ ಎರಡನೆಯ ಮನೆ' ಎಂಬ ಯೋಜನೆಯನ್ನು ನಡೆಸುತ್ತಿದೆ. ಹಣವುಳ್ಳ ವಿದೇಶೀಯರಿಗೆ ದೀರ್ಘಕಾಲ ವಾಸಿಸಲು ಅನುಮತಿ ನೀಡುವ ಯೋಜನೆ ಇದು. 2020ರಲ್ಲಿ ಅದನ್ನು ತಡೆಹಿಡಿಯಲಾಯಿತು. 2021ರಲ್ಲಿ ಪುನಃ ಆರಂಭಿಸುವಾಗ ಅರ್ಜಿದಾರನ ತಿಂಗಳ ಆದಾಯದ ಮಿತಿಯನ್ನು 10,000 ರಿಂಗಿಟ್‌ನಿಂದ ಒಮ್ಮೆಲೇ 40,000 ರಿಂಗಿಟ್‌ಗೆ ಏರಿಸಲಾಯಿತು. 2024ರಲ್ಲಿ ಮತ್ತೆ ಬದಲಾಯಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳನ್ನು ಮಾಡಲಾಯಿತು. ಬೆಳ್ಳಿ ದರ್ಜೆಗೆ 1,50,000 ಅಮೆರಿಕನ್ ಡಾಲರ್ ಠೇವಣಿ ಇಡಬೇಕು. ನಮ್ಮ ಹಣದಲ್ಲಿ ಒಂದೂಕಾಲು ಕೋಟಿಗೂ ಮೇಲೆ. ಅದರ ಜೊತೆಗೆ ಕನಿಷ್ಠ 6,00,000 ರಿಂಗಿಟ್ ಬೆಲೆಯ ಮನೆಯನ್ನು ಕೊಳ್ಳಬೇಕು. ಇಷ್ಟಾದ ಮೇಲೆ ಸಿಗುವುದು 5 ವರ್ಷದ ಅನುಮತಿ. ಅವಧಿ ಮುಗಿದಾಗ ನವೀಕರಿಸಿಕೊಳ್ಳಬೇಕು. ಇದು ಪೌರತ್ವವಲ್ಲ, ಪೌರತ್ವದ ದಾರಿಯೂ ಅಲ್ಲ.

ಈ ಅಂಕಿಗಳನ್ನು ಯಾರನ್ನೂ ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ. ಅತಿಥಿಗೆ ನಿಯಮ ವಿಧಿಸುವ ಹಕ್ಕು ಆತಿಥೇಯನಿಗಿದೆ. ಆದರೆ ಒಂದು ವಿಷಯವನ್ನು ಗಮನಿಸಿ. ಗಲ್ಫ್‌ನಲ್ಲಿ ನಮ್ಮ ದುಡಿಮೆ ಇರುವ ತನಕ ವೀಸಾ ಇತ್ತು. ಇಲ್ಲಿ ನಮ್ಮ ಠೇವಣಿ ಇರುವ ತನಕ ಇರುತ್ತದೆ. 35ನೆಯ ವಯಸ್ಸಿನಲ್ಲಿ ನಿಯಮ ಬದಲಾದರೆ ಪೆಟ್ಟಿಗೆ ಕಟ್ಟಿಕೊಂಡು ಇನ್ನೊಂದು ದೇಶಕ್ಕೆ ಹೋಗಬಹುದು. 78ನೆಯ ವಯಸ್ಸಿನಲ್ಲಿ, ಮೊಣಕಾಲು ಸೋತ ಮೇಲೆ, ನಿಯಮ ಬದಲಾದರೆ ಏನು ಮಾಡುವುದು? ಮಗನ ಕೆಲಸ ಬೇರೆ ದೇಶಕ್ಕೆ ವರ್ಗವಾದರೆ? ಮಗನಿಗಾಗಿ ಹೋದ ತಂದೆ ತಾಯಿ, ಮಗನಿಲ್ಲದ ನಗರದಲ್ಲಿ ಉಳಿಯುತ್ತಾರೆಯೇ?

ಠೇವಣಿಯ ವಿಷಯದಲ್ಲಿ ಇನ್ನೂ ಎರಡು ಮಾತು. ಅದು ಬಡ್ಡಿಯ ಖಾತೆಯಲ್ಲಿ ಕೂಡದಂತೆ ನೋಡಿಕೊಳ್ಳಬೇಕು. ಮಲೇಶ್ಯದಲ್ಲಿ 1983ರಿಂದಲೇ ಇಸ್ಲಾಮೀ ಬ್ಯಾಂಕ್ ಇದೆ. ಆದ್ದರಿಂದ ಹಣ ಕಟ್ಟುವ ಮೊದಲೇ ದಾರಿ ಹುಡುಕಬಹುದು. ಎರಡನೆಯದು ಝಕಾತ್. 1,50,000 ಡಾಲರಿಗೆ ವರ್ಷಕ್ಕೆ ಎರಡೂವರೆ ಶೇಕಡಾದಂತೆ 3,750 ಡಾಲರ್ ಆಗುತ್ತದೆ. ಅಂದರೆ ಮೂರು ಲಕ್ಷ ರೂಪಾಯಿಗೂ ಹೆಚ್ಚು. ಪ್ರವಾದಿ(ಸ) ಮುಆದ್‌ರನ್ನು(ರ) ಯಮನ್‌ಗೆ ಕಳುಹಿಸುವಾಗ, ಅಲ್ಲಿನ ಶ್ರೀಮಂತರಿಂದ ಪಡೆದ ಝಕಾತನ್ನು ಅಲ್ಲಿನ ಬಡವರಿಗೇ ಹಂಚಬೇಕೆಂದು ತಿಳಿಸಿದ್ದರು. ಸಂಪತ್ತಿಗೂ ಅದು ಇರುವ ನೆಲದ ಬಡವನಿಗೂ ಒಂದು ಸಂಬಂಧವಿದೆ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮೊಂದಿಗೆ ನಿಮ್ಮ ಸಂಪತ್ತೂ ಊರು ಬಿಡುತ್ತದೆ. ಪ್ರತಿ ರಮಝಾನಿನಲ್ಲಿ ನಿಮ್ಮ ಮನೆಯ ಬಾಗಿಲಿಗೆ ಬರುತ್ತಿದ್ದ ವಿಧವೆ, ನೀವು ಶುಲ್ಕ ಕಟ್ಟುತ್ತಿದ್ದ ಅನಾಥ ಹುಡುಗ, ಇವರ ಹೆಸರುಗಳನ್ನು ಬರೆದಿಟ್ಟುಕೊಂಡು ಹೋಗುತ್ತೀರಾ?

ಈಗ ಮುಖ್ಯ ವಿಷಯಕ್ಕೆ ಬರೋಣ. "ಅಲ್ಲಿ ದೀನಿನಂತೆ ಬದುಕುವುದು ಸುಲಭ" ಎಂಬುದು ಅನೇಕರು ಕೊಡುವ ಕಾರಣ. ಇದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ದೀನ್ ಎಂದರೆ ನಮಾಝಿನ ಸ್ಥಳ ಮತ್ತು ಹಲಾಲ್ ಊಟ ಮಾತ್ರವೇ? ಪವಿತ್ರ ಕುರ್‌ಆನ್ ಅಲ್ಲಾಹನ ಆರಾಧನೆಯ ಆದೇಶದ ಬೆನ್ನಿಗೇ ತಂದೆ ತಾಯಿ, ಬಂಧುಗಳು, ಅನಾಥರು, ದರಿದ್ರರು, ಹತ್ತಿರದ ನೆರೆಯವರು, ದೂರದ ನೆರೆಯವರು ಎಂದು ಒಬ್ಬೊಬ್ಬರನ್ನಾಗಿ ಎಣಿಸಿ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ವರ್ತಿಸಲು ಹೇಳುತ್ತದೆ. ಜಿಬ್ರೀಲ್(ಅ) ನೆರೆಯವರ ಹಕ್ಕಿನ ಬಗ್ಗೆ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ನೆರೆಯವನನ್ನು ಆಸ್ತಿಯ ವಾರೀಸುದಾರನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿಯವರಿಗೆ(ಸ) ಅನಿಸಿತಂತೆ. ಈ ಪಟ್ಟಿಯಲ್ಲಿರುವವರೆಲ್ಲ ಯಾವುದೋ ಒಂದು ಊರಿನಲ್ಲಿ ಇರುವವರು. 29 ವರ್ಷ ನೀವು ಅವರಿಂದ ದೂರವಿದ್ದಿರಿ. ಈಗ ಅವರ ಹಕ್ಕನ್ನು ತೀರಿಸಲು ಸಮಯ ಸಿಕ್ಕಿದೆ. ಆ ಸಮಯದಲ್ಲೇ ಮತ್ತೆ ಹೊರಡುವುದಾದರೆ, ಅದನ್ನು ದೀನಿನ ಹೆಸರಿನಲ್ಲಿ ಹೇಳುವ ಮೊದಲು ಎದೆಯ ಮೇಲೆ ಕೈಯಿಟ್ಟು ಯೋಚಿಸಬೇಕು. ಆರಾಧನೆಗೆ ಅನುಕೂಲವಿರುವುದು ಒಂದು. ಕರ್ತವ್ಯವನ್ನು ಪೂರೈಸಿರುವುದು ಇನ್ನೊಂದು. ಮೊದಲನೆಯದು ಎರಡನೆಯದರ ಸ್ಥಾನವನ್ನು ತುಂಬುವುದಿಲ್ಲ.

ನೆರೆಯವರಲ್ಲಿ ಮುಸ್ಲಿಮೇತರರೂ ಸೇರುತ್ತಾರೆ ಎಂಬುದನ್ನು ಮರೆಯಬಾರದು. ನಮ್ಮ ಊರುಗಳಲ್ಲಿ ಅಪನಂಬಿಕೆ ಹೆಚ್ಚುತ್ತಿದೆ ಎಂದು ನಾವು ದುಃಖಿಸುತ್ತೇವೆ. ಲೋಕ ಕಂಡ, ನಾಲ್ಕು ಭಾಷೆ ಬಲ್ಲ, ಕೈಯಲ್ಲಿ ಸ್ವಲ್ಪ ಹಣವೂ ಬಿಡುವೂ ಇರುವ ಹಿರಿಯನೊಬ್ಬ ಪಕ್ಕದ ಮನೆಯ ಮದುವೆಗೂ ಮರಣಕ್ಕೂ ಹೋಗಿ ಬರುತ್ತಿದ್ದರೆ ಆ ಬೀದಿಯ ಗಾಳಿಯೇ ಬದಲಾಗುತ್ತದೆ. ಅಂಥವರೆಲ್ಲ ಹೊರಟುಹೋದರೆ ಉಳಿಯುವವರು ಯಾರು? ಹೋಗಲು ಹಣವಿಲ್ಲದವರು. ಅವರ ಪರವಾಗಿ ಠಾಣೆಗೆ, ಶಾಲೆಗೆ, ಪಂಚಾಯತಿಗೆ ಹೋಗಿ ಮಾತನಾಡುವವರು ಯಾರು?

ಇದರ ಅರ್ಥ ಹುಟ್ಟಿದ ಊರಿಗೆ ಅಂಟಿಕೊಂಡಿರುವುದೇ ಧರ್ಮ ಎಂದಲ್ಲ. ಪ್ರವಾದಿಯವರಿಗೆ(ಸ) ಮಕ್ಕಾದ ಮೇಲೆ ಅಪಾರ ಪ್ರೀತಿಯಿತ್ತು. ಆದರೂ ಹಿಜರಿ 8ರಲ್ಲಿ ಮಕ್ಕಾ ಅವರ ವಶವಾದಾಗ ಅವರು ಅಲ್ಲಿ ಉಳಿಯಲಿಲ್ಲ. ಇನ್ನು ಇವರು ತಮ್ಮ ಊರಿನಲ್ಲೇ ನಿಂತುಬಿಡುವರೇನೋ ಎಂದು ಅನ್ಸಾರ್‌ಗಳು ಕಳವಳಪಟ್ಟಾಗ, ತನ್ನ ಬದುಕೂ ಮರಣವೂ ಅವರೊಂದಿಗೇ ಎಂದು ಭರವಸೆ ನೀಡಿ ಮದೀನಾಕ್ಕೆ ಮರಳಿದರು. ಕಷ್ಟಕಾಲದಲ್ಲಿ ಬಾಗಿಲು ತೆರೆದವರ ಋಣವನ್ನು ಹುಟ್ಟೂರಿನ ಸೆಳೆತಕ್ಕಿಂತ ದೊಡ್ಡದೆಂದು ಅವರು ಎಣಿಸಿದರು. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ "ನನ್ನ ಊರು ಯಾವುದು?" ಎಂಬುದಲ್ಲ. "ನನ್ನ ಮೇಲೆ ಯಾರ ಹಕ್ಕಿದೆ?" ಎಂಬುದು.

ಈ ಪ್ರಶ್ನೆಯನ್ನು ಮುಂದಿಟ್ಟರೆ ಒಬ್ಬೊಬ್ಬರ ಉತ್ತರವೂ ಬೇರೆಯಾಗುತ್ತದೆ. ತಂದೆ ತಾಯಿ ತೀರಿಹೋಗಿದ್ದಾರೆ. ಇರುವ ಒಬ್ಬಳೇ ಮಗಳು ಕೌಲಾಲಂಪುರದಲ್ಲಿ ಕೈಗೂಸು ಹಿಡಿದುಕೊಂಡು ಒಬ್ಬಂಟಿಯಾಗಿ ಕಷ್ಟಪಡುತ್ತಿದ್ದಾಳೆ. ಅಥವಾ ತನಗೇ ಕಾಯಿಲೆಯಿದ್ದು, ಊರಿನಲ್ಲಿ ನೋಡಿಕೊಳ್ಳುವವರಿಲ್ಲ. ಅಂಥವರು ಹೋಗುವುದು ಸರಿ. ಅವರನ್ನು "ಊರು ಬಿಟ್ಟವರು" ಎಂದು ಹಂಗಿಸುವುದು ಅನ್ಯಾಯ. ಮುಪ್ಪಿನಲ್ಲಿ ಮಕ್ಕಳ ಜೊತೆಗಿರುವುದು ಮಕ್ಕಳಿಗೂ ತಮ್ಮ ಕರ್ತವ್ಯವನ್ನು ಪೂರೈಸುವ ಅವಕಾಶ ನೀಡುತ್ತದೆ.

ಆದರೆ ಮನೆಯಲ್ಲಿ 84 ವರ್ಷದ ತಾಯಿ ಇರುವಾಗ?

ಇಲ್ಲಿ ಒಂದು ಘಟನೆ ನೆನಪಾಗುತ್ತದೆ. ಹಿಜ್ರತ್ ಮಾಡುವ ಪ್ರತಿಜ್ಞೆಗಾಗಿ ಒಬ್ಬರು ಪ್ರವಾದಿಯವರ(ಸ) ಬಳಿಗೆ ಬಂದರು. ತಂದೆ ತಾಯಿ ಅಳುತ್ತಿರುವಾಗ ಬಿಟ್ಟುಬಂದೆ ಎಂದು ತಿಳಿಸಿದರು. ಮರಳಿ ಹೋಗು, ಅವರನ್ನು ಅಳಿಸಿದಂತೆಯೇ ನಗಿಸು ಎಂದು ಪ್ರವಾದಿ(ಸ) ಅವರನ್ನು ಹಿಂದಕ್ಕೆ ಕಳುಹಿಸಿದರು. ಓದುಗರೇ, ಸ್ವಲ್ಪ ಆಲೋಚಿಸಿ. ಅದು ಮಹಾ ಪುಣ್ಯದ ಹಿಜ್ರತ್. ಕರೆದೊಯ್ಯುವವರು ಸ್ವತಃ ಅಲ್ಲಾಹನ ಪ್ರವಾದಿ(ಸ). ಅಂಥ ಪ್ರಯಾಣವೇ ತಾಯಿಯ ಕಣ್ಣೀರಿನ ಮುಂದೆ ನಿಂತುಹೋದರೆ, ತಂಪು ಕೋಣೆಯ ಒಂದು ಫ್ಲಾಟಿನತ್ತ ಹೊರಟ ಪ್ರಯಾಣದ ಗತಿಯೇನು?

ನನ್ನ ಪರಿಚಯದವರು ಹೇಳಬಹುದು: "ತಾಯಿಯನ್ನು ತಂಗಿ ನೋಡಿಕೊಳ್ಳುತ್ತಾಳೆ. ಮನೆಗೆಲಸದವಳಿದ್ದಾಳೆ. ನಾನು ತಿಂಗಳು ತಿಂಗಳು ಹಣ ಕಳುಹಿಸುತ್ತೇನೆ. ದಿನವೂ ಫೋನಿನಲ್ಲಿ ಮುಖ ನೋಡುತ್ತೇನೆ." ಹಣ ಕಳುಹಿಸುವುದನ್ನು 29 ವರ್ಷ ಮಾಡಿಯಾಯಿತು. ಅಂದು ಅದು ತ್ಯಾಗವಾಗಿತ್ತು, ಏಕೆಂದರೆ ಬೇರೆ ದಾರಿ ಇರಲಿಲ್ಲ. ಇಂದು ದಾರಿ ಇದೆ. ದಾರಿ ಇದ್ದೂ ಅದೇ ಕೆಲಸವನ್ನು ಮಾಡಿದರೆ ಅದನ್ನು ತ್ಯಾಗವೆನ್ನಲು ಬರುವುದಿಲ್ಲ. ಮುದಿ ತಾಯಿಗೆ ಬೇಕಾದುದು ರಾತ್ರಿ ಎರಡು ಗಂಟೆಗೆ ನೀರು ಕೊಡುವ ಕೈ. ಒಮ್ಮೆ ಹೇಳಿದ ಮಾತನ್ನೇ ಹತ್ತು ಸಲ ಹೇಳಿದಾಗ ಬೇಸರಿಸದೆ ಕೇಳುವ ಕಿವಿ. ಮುಪ್ಪಿನ ತಂದೆ ತಾಯಿಯ ಮುಂದೆ ಬೇಸರದ ಒಂದು ಸಣ್ಣ ಉದ್ಗಾರವನ್ನೂ ತೆಗೆಯಬಾರದೆಂದು ಕುರ್‌ಆನ್ ಹೇಳಿರುವುದು ಜೊತೆಗಿರುವ ಮಗನಿಗೆ. ದೂರವಿರುವವನಿಗೆ ಬೇಸರಿಸುವ ಪ್ರಸಂಗವೇ ಬರುವುದಿಲ್ಲ. ತಾಳ್ಮೆಯ ಪ್ರತಿಫಲವೂ ಸಿಗುವುದಿಲ್ಲ. ಹೆತ್ತವರನ್ನು ಮಕ್ಕಳು ನೋಡಿಕೊಳ್ಳಬೇಕೆಂದು ನಮ್ಮ ದೇಶವು 2007ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಾಯಿದೆ ಜೀವನಾಂಶವನ್ನು ಕೊಡಿಸಬಹುದು, ಮಗನನ್ನು ಕೊಡಿಸಲಾರದು.

ಸುಮಾರು ಏಳು ಶತಮಾನಗಳ ಹಿಂದೆ ಇಬ್ನು ಬತೂತ ಎಂಬ ಪ್ರವಾಸಿ ಇದ್ದರು. 1325ರಲ್ಲಿ, 21ರ ವಯಸ್ಸಿನಲ್ಲಿ, ಹಜ್ಜಿಗೆಂದು ಮೊರಾಕ್ಕೋದ ತಾಂಜೀರ್ ಪಟ್ಟಣದ ತಮ್ಮ ಮನೆಯಿಂದ ಹೊರಟವರು ದೇಶದೇಶಗಳನ್ನು ಸುತ್ತಿದರು. ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡುದಾಗಿ ಬರೆದಿದ್ದಾರೆ. ಮಂಗಳೂರನ್ನು ನೋಡಿದರು. ಮಲೇಶ್ಯದ ಎದುರಿನ ಸುಮಾತ್ರಾ ದ್ವೀಪಕ್ಕೂ ಹೋಗಿ ಅಲ್ಲಿನ ಸುಲ್ತಾನನ ಆತಿಥ್ಯ ಪಡೆದರು. ಎಲ್ಲೆಲ್ಲೂ ಮಸೀದಿ, ಗೌರವ, ಉಡುಗೊರೆ. 1348ರಲ್ಲಿ ದಮಸ್ಕಸ್‌ಗೆ ಮರಳಿದಾಗ, ತಂದೆ ತೀರಿಹೋಗಿ 15 ವರ್ಷಗಳಾದವು ಎಂಬ ಸುದ್ದಿ ಸಿಕ್ಕಿತು. 1349ರಲ್ಲಿ ತಾಯ್ನಾಡನ್ನು ಮುಟ್ಟಿದಾಗ ತಾಯಿಯೂ ಪ್ಲೇಗಿನಿಂದ ತೀರಿಕೊಂಡಿದ್ದರು. ತಾಯಿಯನ್ನು ಕಾಣಬೇಕಾದ ಮಗ ಆಕೆಯ ಗೋರಿಯನ್ನು ಸಂದರ್ಶಿಸಿದ. ಅವರ ಪ್ರವಾಸಕಥನವನ್ನು ಲೋಕ ಇಂದಿಗೂ ಓದುತ್ತಿದೆ. ಆದರೆ ಆ ತಾಯಿ 24 ವರ್ಷ ಬಾಗಿಲನ್ನು ನೋಡುತ್ತಾ ಕಳೆದ ಕಥೆಯನ್ನು ಯಾರೂ ಬರೆದಿಲ್ಲ.

ಇನ್ನೊಬ್ಬರನ್ನೂ ನಾವು ಮರೆಯುತ್ತೇವೆ. ಪತ್ನಿ. ಇಂಥ ತೀರ್ಮಾನಗಳನ್ನು ಹೆಚ್ಚಾಗಿ ಗಂಡಸರು ಮಾಡುತ್ತಾರೆ. ಗಲ್ಫ್‌ನಲ್ಲಿದ್ದಾಗ ಊರಿನಲ್ಲಿ ಮನೆ ಕಟ್ಟಿಸಿದವಳು, ಮಕ್ಕಳನ್ನು ಶಾಲೆಗೆ ಸೇರಿಸಿದವಳು, ಅತ್ತೆಯ ಔಷಧಿ ನೋಡಿದವಳು ಅವಳು. ಅವಳ ಸ್ನೇಹ, ಸಂಬಂಧ, ಸುಖದುಃಖ ಎಲ್ಲವೂ ಈ ಊರಿನಲ್ಲಿವೆ. ಹದಿನೆಂಟನೆಯ ಮಾಳಿಗೆಯ ಫ್ಲಾಟಿನಲ್ಲಿ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಮಲಯ ಭಾಷೆ ಬಾರದೆ ಅವಳು ಯಾರೊಂದಿಗೆ ಮಾತನಾಡಬೇಕು? ನಾಳೆ ಗಂಡ ತೀರಿಹೋದರೆ ಅವಳ ವಾಸದ ಅನುಮತಿ ಏನಾಗುತ್ತದೆ, ಮನೆ ಯಾರ ಹೆಸರಿಗೆ ಹೋಗುತ್ತದೆ? ಸತ್ಯವಿಶ್ವಾಸಿಗಳ ವ್ಯವಹಾರ ಸಮಾಲೋಚನೆಯಿಂದ ನಡೆಯುತ್ತದೆಂದು ಕುರ್‌ಆನ್ ಹೇಳಿದೆ. ಟಿಕೆಟ್ ತೆಗೆದ ಮೇಲೆ ತಿಳಿಸುವುದು ಸಮಾಲೋಚನೆಯಲ್ಲ.

ಮರಣದ ಮಾತನ್ನೂ ಆಡಲೇಬೇಕು. "ಪರದೇಶದಲ್ಲಿ ಸತ್ತರೆ ಗತಿಯೇನು?" ಎಂದು ಕೆಲವರು ಹೆದರುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಯಾವ ನೆಲದಲ್ಲಿ ಮರಣವೆಂಬುದು ಯಾರಿಗೂ ತಿಳಿದಿಲ್ಲ. ಮಯ್ಯಿತನ್ನು ಸಾವಿರಾರು ಮೈಲು ಸಾಗಿಸದೆ, ತೀರಿಕೊಂಡಲ್ಲೇ ಬೇಗನೆ ದಫನ ಮಾಡುವುದೇ ಉತ್ತಮ. ಕೌಲಾಲಂಪುರದ ಮಣ್ಣೂ ಅಲ್ಲಾಹನ ಮಣ್ಣೇ. ಆದರೆ ಹೋಗುವವರು ವಸಿಯ್ಯತ್ ಬರೆದಿಡಬೇಕು, ಸಾಲ ತೀರಿಸಬೇಕು, ಎರಡು ದೇಶಗಳಲ್ಲಿರುವ ಆಸ್ತಿ ಶರೀಅತ್ತಿನ ಪ್ರಕಾರ ಹೆಣ್ಣುಮಕ್ಕಳಿಗೂ ತಲಪುವಂತೆ ದಾಖಲೆ ಮಾಡಿಡಬೇಕು. ಊರಿನಲ್ಲಿ ಉಳಿಯುವವರಿಗೂ ಇದು ಅನ್ವಯಿಸುತ್ತದೆ ಎಂಬುದು ಬೇರೆ ಮಾತು.

ನೀವು ಹೋಗಿಯೇ ಹೋಗುವುದಾದರೆ, ಅಲ್ಲಿಯೂ ನೆರೆಯವರ ಹಕ್ಕು ಆರಂಭವಾಗುತ್ತದೆ. ನಿಮ್ಮ ಕಟ್ಟಡದ ನೆಲ ಒರೆಸುವವನು, ಪಕ್ಕದ ಹೊಸ ಕಟ್ಟಡಕ್ಕೆ ಇಟ್ಟಿಗೆ ಹೊರುವವನು ಬಾಂಗ್ಲಾದೇಶದವನೋ ಇಂಡೋನೇಶ್ಯದವನೋ ನೇಪಾಳದವನೋ ಆಗಿರುತ್ತಾನೆ. ಊರಿನಲ್ಲಿ ತಾಯಿಯನ್ನು ಬಿಟ್ಟು ಬಂದವನು. ನಿನ್ನೆ ಗಲ್ಫ್‌ನಲ್ಲಿ ನೀವೇ ಆಗಿದ್ದವನು. ಅವನಿಗೆ ಮೊದಲು ಸಲಾಮ್ ಹೇಳುವವರು ನೀವಾಗಬೇಕು.

ಆ ರಾತ್ರಿ ನಿದ್ದೆಗೆಟ್ಟ ಮೇಲೆ ನಾನು ಮರುದಿನವೇ ಅವರ ಮನೆಗೆ ಹೋದೆ. "ತಾಯಿಯವರನ್ನು ಕೇಳಿದಿರಾ?" ಎಂದೆ. "ಕೇಳಿದೆ. ಉಮ್ಮ 'ಹೋಗಿ ಬಾ ಮಗಾ' ಎಂದರು" ಎಂದು ಉತ್ತರಿಸಿದರು. ಅವರ ಮುಖದಲ್ಲಿ ಸಮಾಧಾನವಿತ್ತು. "ಮೊದಲ ಸಲ ಗಲ್ಫ್‌ಗೆ ಹೊರಟಾಗ ಏನು ಹೇಳಿದ್ದರು?" ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ "ಅದನ್ನೇ" ಎಂದರು.

ತಾಯಂದಿರು ಹಾಗೆಯೇ ಹೇಳುತ್ತಾರೆ. ಅವರಿಗೆ ಬೇರೆ ಮಾತು ಬರುವುದಿಲ್ಲ. ಅದನ್ನು ಅನುಮತಿ ಎಂದು ತಿಳಿದುಕೊಂಡು ಹೊರಡುವುದೂ, ಅದರೊಳಗಿನ ಮಾತನ್ನು ಕೇಳಿಸಿಕೊಂಡು ನಿಲ್ಲುವುದೂ ಮಕ್ಕಳಿಗೆ ಬಿಟ್ಟದ್ದು. ಅವರು ಈಗ ಅರ್ಜಿಯನ್ನು ಕಪಾಟಿನಲ್ಲಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಕೆಲವು ವಾರ ಮಗನ ಮನೆಗೆ ಹೋಗಿ ಬರುವುದು, ಆ ದಿನಗಳಲ್ಲಿ ತಂಗಿ ಬಂದು ತಾಯಿಯ ಜೊತೆಗಿರುವುದು ಎಂದು ಗೊತ್ತುಮಾಡಿದ್ದಾರೆ. ಕೌಲಾಲಂಪುರ ಎಲ್ಲಿಗೂ ಹೋಗುವುದಿಲ್ಲ. ತಾಯಿ ಹೋಗುತ್ತಾರೆ.

ಪ್ರಿಯ ಓದುಗರೇ, ನಿವೃತ್ತಿ ಎಂಬುದು ನೌಕರಿಗೆ ಮಾತ್ರ. ಹಕ್ಕುಬಾಧ್ಯತೆಗಳಿಂದ ಯಾರಿಗೂ ನಿವೃತ್ತಿಯಿಲ್ಲ. ಎಲ್ಲಿ ಸುಖವಾಗಿರಬಹುದೆಂದು ಕೇಳುವುದಕ್ಕೆ ಮುಂಚೆ ಎಲ್ಲಿ ನನ್ನ ಅಗತ್ಯವಿದೆಯೆಂದು ಕೇಳೋಣ. ಉತ್ತರ ನಮ್ಮನ್ನು ಊರಿನಲ್ಲಿ ನಿಲ್ಲಿಸಿದರೆ ಸಂತೋಷದಿಂದ ನಿಲ್ಲೋಣ. ದೂರಕ್ಕೆ ಕಳುಹಿಸಿದರೆ ಯಾರ ಹಕ್ಕನ್ನೂ ಬಾಕಿ ಉಳಿಸದೆ ಹೋಗೋಣ. ಕೊನೆಯ ನೆಲೆ ಎಲ್ಲರಿಗೂ ಒಂದೇ. ಅಲ್ಲಿ ಕೇಳಲಾಗುವುದು ಎಲ್ಲಿದ್ದೆ ಎಂದಲ್ಲ, ಇದ್ದಲ್ಲಿ ಏನು ಮಾಡಿದೆ ಎಂದು. ಆ ಪ್ರಶ್ನೆಗೆ ತಲೆಯೆತ್ತಿ ಉತ್ತರಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.